ಡಬ್ಬಿ ತೊಳೀಬೇಡಿ ತಾಯಿ

ಬೆಳಗಿನ ಐದೂವರೆ. ಶಾಲೆಯ ಅಡುಗೆಮನೆಯಲ್ಲಿ ಒಲೆ ಇನ್ನೂ ಹತ್ತಿಲ್ಲ. ಒಂದು ಟ್ಯೂಬ್‌ಲೈಟು ಉರಿಯುತ್ತಿದೆ, ಇನ್ನೊಂದು ಉರಿಯಲೋ ಬೇಡವೋ ಎಂದು ಮಿಣುಕುತ್ತಿದೆ. ನಲ್ಲಿಯ ಪಕ್ಕದ ಕಟ್ಟೆಯ ಮೇಲೆ ನಂಬರು ಬರೆದ ಒಂಬತ್ತು ಸ್ಟೀಲ್ ಡಬ್ಬಿಗಳು ಸಾಲಾಗಿ ಕೂತಿವೆ. ತಲೆಗೆ ಬಟ್ಟೆ ಕಟ್ಟಿದ, ಐವತ್ತೆರಡರ ಗಟ್ಟಿ ಹೆಂಗಸೊಬ್ಬರು ಒಂದೊಂದೇ ಡಬ್ಬಿಯ ಮುಚ್ಚಳ ತೆಗೆದು, ಬೆಳಕಿಗೆ ಓರೆ ಹಿಡಿದು, ಒಳಗೆ ಇಣುಕುತ್ತಿದ್ದಾರೆ. ತೊಳೆಯುವ ಅವಸರವೇ ಕಾಣುವುದಿಲ್ಲ.

“ಇವನು ಅನ್ನ ಉಂಡಿದಾನೆ, ಬೇಳೆ ಮುಟ್ಟಿಲ್ಲ. ಮೊನ್ನೆ ಬೇಳೆಗೆ ಉಪ್ಪು ಜಾಸ್ತಿ ಆಗಿತ್ತು, ತಪ್ಪು ನಮ್ಮದೇ. ಇವಳು ಮೊಟ್ಟೆ ಅರ್ಧ ಕಚ್ಚಿ ಬಿಟ್ಟಿದಾಳೆ, ಅಮ್ಮ ಬೈದು ತಿನ್ಸೋಕೆ ಹೋಗಿರ್ತಾರೆ. ಇದು ನೋಡಿ ಮೇಡಂ, ಮೆತ್ತಗಿರೋದೆಲ್ಲ ಖಾಲಿ, ಗಟ್ಟಿ ಇರೋದೆಲ್ಲ ಹಾಗೇ ಇದೆ. ಈ ಹುಡುಗನ ಬಾಯಲ್ಲಿ ಹುಣ್ಣಾಗಿದೆ. ಇವತ್ತು ಹೋದಾಗ ಅವರಮ್ಮನಿಗೆ ಹೇಳ್ಬೇಕು.”

ನನ್ನ ಕಣ್ಣಿಗೆ ಅದು ಬರೀ ಎಂಜಲು. ಪತ್ರಿಕೆಗೆ ಬರೆಯಲೆಂದು ಬೆಳಗ್ಗೆ ಕಾಫಿಯನ್ನೂ ಕುಡಿಯದೆ ಬಂದ ನಾನು ಮುಖ ಸಿಂಡರಿಸಿಕೊಂಡೇ ಬರೆದುಕೊಳ್ಳುತ್ತಿದ್ದೇನೆ. ಅವರು ಎಂಟು ಡಬ್ಬಿಗಳನ್ನು ಹಾಗೆ ನೋಡಿ ಮುಗಿಸುತ್ತಾರೆ. ಆರನೆಯದನ್ನು ಮಾತ್ರ ತೆರೆಯುವುದಿಲ್ಲ. ಅದು ಮೊದಲೇ ಫಳಫಳ ಹೊಳೆಯುತ್ತಿದೆ. ಅದನ್ನು ಬಟ್ಟೆಯಿಂದ ಇನ್ನೊಮ್ಮೆ ಒರೆಸಿ ಪಕ್ಕಕ್ಕಿಡುತ್ತಾರೆ. ಇದ್ಯಾಕೆ ಹೀಗೆ ಎಂದು ಕೇಳಿದರೆ, “ಅದು ಆರು” ಎಂದಷ್ಟೇ ಹೇಳಿ ಒಲೆ ಹಚ್ಚಲು ಹೋಗುತ್ತಾರೆ.

ಇವರನ್ನು ಸುತ್ತಲ ಬೀದಿಗಳಲ್ಲಿ ಎಲ್ಲರೂ ಕರೆಯುವುದು ಡಬ್ಬಿ ಅಕ್ಕ ಎಂದು. ಗಂಡ ಕೂಡ ಹಾಗೇ ಕರೆಯುತ್ತಾರಂತೆ, ಆದರೆ ಜಗಳವಾಡುವಾಗ ಮಾತ್ರ. ಈ ಶಾಲೆಯಲ್ಲಿ ನಾನೂರ ಹನ್ನೆರಡು ಮಕ್ಕಳು ಮಧ್ಯಾಹ್ನ ಉಚಿತವಾಗಿ ಊಟ ಮಾಡುತ್ತಾರೆ. ಇನ್ನೂ ಒಂಬತ್ತು ಮಕ್ಕಳ ಹೆಸರು ಹಾಜರಿ ಪುಸ್ತಕದಲ್ಲಿದೆ, ಅವರು ಮಾತ್ರ ಶಾಲೆಗೆ ಬರಲಾರರು. ಒಬ್ಬನಿಗೆ ಬೆನ್ನು ನಿಲ್ಲದು, ಒಬ್ಬಳಿಗೆ ದಿನಕ್ಕೆ ನಾಲ್ಕು ಸಲ ಫಿಟ್ಸ್ ಬರುತ್ತದೆ, ಇನ್ನೊಬ್ಬನಿಗೆ ಜನ, ಗದ್ದಲ ಕಂಡರೆ ಉಸಿರು ಕಟ್ಟುತ್ತದೆ. ಪಾಠ ಮನೆಗೇ ಹೋಗುತ್ತದೆ, ಕೆಲವರಿಗೆ ಟೀಚರ್ ಮೂಲಕ, ಕೆಲವರಿಗೆ ಫೋನಿನಲ್ಲಿ. ಪಾಠ ಮನೆಗೆ ಹೋಗುವುದಾದರೆ ಊಟವೂ ಹೋಗಲಿ ಎಂದು ಮೂರು ವರ್ಷದ ಹಿಂದೆ ತೀರ್ಮಾನವಾಯಿತು. ಆ ಊಟವನ್ನು ಬೇಯಿಸಿ, ತುಂಬಿ, ಸೈಕಲ್ಲಿಗೆ ಕಟ್ಟಿ, ಹದಿನಾಲ್ಕು ಕಿಲೋಮೀಟರ್ ತುಳಿದು ಬಿಸಿ ಆರುವುದರೊಳಗೆ ಮುಟ್ಟಿಸುವವರು ಡಬ್ಬಿ ಅಕ್ಕ. ಪ್ರತಿ ಮಗುವಿಗೂ ಎರಡೆರಡು ಡಬ್ಬಿ. ಇವತ್ತಿನದನ್ನು ಕೊಟ್ಟು ನಿನ್ನೆಯದನ್ನು ತರುತ್ತಾರೆ.

ಅಡುಗೆಮನೆಯಲ್ಲಿ ಮೂವರಿದ್ದಾರೆ. ಸೈಕಲ್ ಯಾರಿಗೆ ಬರುತ್ತದೆ ಎಂದು ಹೆಡ್‌ಮೇಡಂ ಕೇಳಿದಾಗ ಉಳಿದಿಬ್ಬರು ನೆಲ ನೋಡಿದರಂತೆ. “ನಾನು ಬರುತ್ತೆ ಅಂದೆ. ಬರ್ತಿರ್ಲಿಲ್ಲ” ಎನ್ನುತ್ತಾರೆ ಅಕ್ಕ, ಸ್ವಲ್ಪವೂ ನಾಚಿಕೆಯಿಲ್ಲದೆ. ಆಗ ಅವರಿಗೆ ನಲವತ್ತೊಂಬತ್ತು. ಕ್ಷೌರದಂಗಡಿಯಿಟ್ಟಿರುವ ಗಂಡ ಹನ್ನೊಂದು ಸಂಜೆ ಅಂಗಡಿ ಬೇಗ ಮುಚ್ಚಿ, ಶಾಲೆಯ ಮೈದಾನದಲ್ಲಿ ಸೀಟು ಹಿಡಿದು ಹಿಂದೆ ಓಡಿದರು. ಮಕ್ಕಳು ಚಪ್ಪಾಳೆ ತಟ್ಟಿದರು. ಅಕ್ಕ ಎರಡು ಸಲ ಹೂವಿನ ಪಾತಿಯೊಳಗೂ ಒಂದು ಸಲ ಪಿ.ಟಿ. ಮೇಷ್ಟ್ರ ಮೇಲೂ ಬಿದ್ದರು. ಮದುವೆಯಾಗಿ ಇಪ್ಪತ್ತೇಳು ವರ್ಷಕ್ಕೆ ಗಂಡ ತಮ್ಮ ಹಿಂದೆ ಓಡಿ ಬಂದದ್ದು ಅದೇ ಮೊದಲು ಎಂದು ಹೇಳಿ, ತಾವೇ ಹೊಟ್ಟೆ ಹಿಡಿದು ನಗುತ್ತಾರೆ.

ಅದಕ್ಕೂ ಮುಂಚಿನ ಹದಿನೇಳು ವರ್ಷ ಅವರು ಊಟದ ಹಾಲಿನಲ್ಲಿ ಬಡಿಸಿದವರು. ಯಾವ ಮಗು ಹುಷಾರಿಲ್ಲ, ಯಾವ ಮಗು ಬೆಳಗ್ಗೆ ಏನೂ ತಿನ್ನದೆ ಬಂದಿದೆ, ಯಾವ ಮನೆಯಲ್ಲಿ ಜಗಳ ನಡೆದಿದೆ ಎಂಬುದೆಲ್ಲ ತಟ್ಟೆ ನೋಡಿದರೆ ಅವರಿಗೆ ತಿಳಿಯುತ್ತಿತ್ತು. ಮನೆ ಮನೆಗೆ ಹೋಗತೊಡಗಿದ ಮೇಲೆ ತಟ್ಟೆ ಕಣ್ಣಿಗೆ ಬೀಳುವುದು ನಿಂತಿತು. ಬಾಗಿಲಲ್ಲಿ ಡಬ್ಬಿ ಕೊಡು, ಡಬ್ಬಿ ತಗೋ, ನಡಿ. ಹೋಗಲಿ, ವಾಪಸು ಬಂದ ಡಬ್ಬಿಯಲ್ಲಾದರೂ ನೋಡೋಣವೆಂದರೆ ತಾಯಂದಿರು ಅದನ್ನು ಉಜ್ಜಿ, ತೊಳೆದು, ಒರೆಸಿ ಕೊಡುತ್ತಿದ್ದರು. ಬಿಟ್ಟಿ ಊಟ ತಗೊಂಡು ಎಂಜಲು ಡಬ್ಬಿ ಬೇರೆ ಕೊಡುವುದೇ ಎಂಬ ಸಂಕೋಚ ಅವರಿಗೆ. ಅಕ್ಕ ಒಂದು ತಿಂಗಳು ನೋಡಿದರು. ಆಮೇಲೆ ಒಂಬತ್ತು ಬಾಗಿಲಲ್ಲೂ ನಿಂತು ಒಂದೇ ಮಾತು ಹೇಳಿದರು.

“ಡಬ್ಬಿ ತೊಳೀಬೇಡಿ ತಾಯಿ. ತೊಳೆಯೋಕೆ ನನಗೆ ಸಂಬಳ ಕೊಡ್ತಾರೆ. ಮಗು ಏನು ಬಿಡುತ್ತೆ ಅಂತ ಗೊತ್ತಾಗ್ದಿದ್ರೆ ನಾನು ಯಾರಿಗೆ ಅಂತ ಅಡುಗೆ ಮಾಡ್ಲಿ?”

ಒಪ್ಪಿಸಲು ಮತ್ತೊಂದು ತಿಂಗಳು ಹಿಡಿಯಿತು. ಇಬ್ಬರು ಈಗಲೂ ಕದ್ದು ಒಂದು ಸಲ ನೀರಾಡಿಸಿ ಕೊಡುತ್ತಾರಂತೆ.

ಆರನೇ ಡಬ್ಬಿಯ ಕತೆ ನನಗೆ ಸಿಕ್ಕಿದ್ದು ಸೈಕಲ್ಲಿನ ಮೇಲೆ. ಹನ್ನೊಂದೂವರೆಗೆ ಡಬ್ಬಿಗಳನ್ನು ದಪ್ಪ ಬಟ್ಟೆಯಲ್ಲಿ ಸುತ್ತಿ ಹಿಂದಿನ ಪೆಟ್ಟಿಗೆಯಲ್ಲಿ ಜೋಡಿಸಿ ಅಕ್ಕ ಹೊರಡುತ್ತಾರೆ. ಬಾಡಿಗೆ ಸೈಕಲ್ಲಿನಲ್ಲಿ ನಾನು ಹಿಂದೆ. ನನಗಿಂತ ಇಪ್ಪತ್ತು ವರ್ಷ ದೊಡ್ಡವರು, ಎರಡೂ ಮಂಡಿ ನೋವು, ಆದರೂ ಮೊದಲ ಏರಿನಲ್ಲೇ ನನ್ನ ನಾಲಿಗೆ ಹೊರಬಂತು. ಪೆಟ್ಟಿಗೆಯಲ್ಲಿ ಎಂಟು ಡಬ್ಬಿ ತುಂಬಿವೆ, ಆರನೆಯದು ಖಾಲಿ. ಖಾಲಿ ಡಬ್ಬಿ ಯಾಕೆ ಹೊತ್ತು ತಿರುಗಬೇಕು ಎಂದೆ. ಜಾಗ ಖಾಲಿ ಬಿಟ್ಟರೆ ಉಳಿದವು ಅಲ್ಲಾಡಿ ಚೆಲ್ಲುತ್ತವೆ ಎಂದರು. ಒಂದು ಟವೆಲು ತುರುಕಿದರೂ ಸಾಕಾಗುವ ಜಾಗ ಅದು.

ಆರನೆಯ ಡಬ್ಬಿ ಹತ್ತು ವರ್ಷದ ಒಬ್ಬ ಹುಡುಗಿಯದು. ಅಪ್ಪ ದರ್ಜಿ, ಮನೆಯಲ್ಲೇ ಮಿಷನ್ ಇಟ್ಟುಕೊಂಡಿದ್ದಾರೆ. ಹುಡುಗಿಗೆ ರಕ್ತದ ಕಾಯಿಲೆ, ಹೊರಗಿನವರ ಒಂದು ಸೀನು ತಾಗಿದರೂ ಅಪಾಯ. ಹಾಗಾಗಿ ಮೂರನೇ ಮಹಡಿಯ ಆ ಬಾಗಿಲಾಚೆ ಒಂದು ಸ್ಟೂಲು, ಸ್ಟೂಲಿನ ಮೇಲೆ ಡಬ್ಬಿ. ಎರಡು ವರ್ಷದಲ್ಲಿ ಅಕ್ಕ ಅವಳ ಮುಖ ನೋಡಿಲ್ಲ. ಐವತ್ತೆಂಟು ಮೆಟ್ಟಿಲು ಹತ್ತುವಾಗಿನ ಏದುಸಿರು ಕೇಳಿಯೇ ಒಳಗಿನಿಂದ ದನಿ ಬರುತ್ತಿತ್ತು, ಡಬ್ಬಿ ಅಕ್ಕಾ, ಇವತ್ತೇನು? ಕಲ್ಲು, ಮಣ್ಣು, ಸ್ವಲ್ಪ ಸೊಪ್ಪು ಎಂದು ಅಕ್ಕ. ಹಾಗಾದರೆ ಉಪ್ಪು ಸರಿಯಾಗಿದೆಯಾ ಎಂದು ಅವಳು. ದಿನಾ ಇದೇ ಮಾತು, ದಿನಾ ಇದೇ ನಗು. ಹುಡುಗಿಗೆ ಕ್ಯಾರೆಟ್ ಆಗದು. ಎಷ್ಟು ಸಣ್ಣಗೆ ಹೆಚ್ಚಿದರೂ ಒಂದೊಂದೇ ಚೂರನ್ನು ಆರಿಸಿ, ಡಬ್ಬಿಯ ಮೂಲೆಯಲ್ಲಿ ಗುಡ್ಡೆ ಹಾಕಿ ಕಳಿಸುತ್ತಿದ್ದಳು.

ಒಂದು ಸೋಮವಾರದಿಂದ ದನಿ ನಿಂತಿತು. ಜ್ವರ, ಮಲಗಿದ್ದಾಳೆ ಎಂದರು ಅಪ್ಪ. ಫೋನಿನಲ್ಲಿ ಪಾಠ ಮಾಡುವ ಟೀಚರಿಗೂ ಅದನ್ನೇ ಹೇಳಿ ರಜೆ ಕೇಳಿದ್ದರು. ಡಬ್ಬಿ ಮಾತ್ರ ಪೂರ್ತಿ ಖಾಲಿಯಾಗಿ ಬರತೊಡಗಿತು, ಕ್ಯಾರೆಟ್ ಸಮೇತ. ಅಕ್ಕನಿಗೆ ಖುಷಿಯೋ ಖುಷಿ. ಔಷಧಿ ಹತ್ತಿದೆ, ಹಸಿವು ಕೂಡಿದೆ, ಎಲ್ಲಕ್ಕಿಂತ ಹೆಚ್ಚಾಗಿ ತಮ್ಮ ಕೈರುಚಿ ಗೆದ್ದಿದೆ ಎಂದು ಅಡುಗೆಮನೆಯಲ್ಲಿ ಬೀಗಿದ್ದೇ ಬೀಗಿದ್ದು. ಡಬ್ಬಿ ನೋಡಿ ಮಗುವಿನ ಬಾಯಿಹುಣ್ಣು ಕಂಡುಹಿಡಿಯುವ ಹೆಂಗಸು ಇಪ್ಪತ್ತಮೂರು ದಿನ ಮೋಸಹೋದರು. ಇಪ್ಪತ್ತಮೂರನೆಯ ದಿನದ ಡಬ್ಬಿಯ ತಳದಲ್ಲಿ, ಅಂಟಿದ ಅನ್ನದ ಅಗುಳಿನ ಜೊತೆ, ಒಂದಿಂಚು ನೀಲಿ ದಾರ ಸಿಕ್ಕಿತು. ಹೊಲಿಯುವವರು ಹಲ್ಲಿನಲ್ಲಿ ಕಡಿಯುವ ದಾರ.

ಮರುದಿನ ಅವರು ಬಾಗಿಲು ತಟ್ಟಿ ನೇರವಾಗಿ ಕೇಳಿದರು. ಹುಡುಗಿ ಮನೆಯಲ್ಲಿರಲಿಲ್ಲ. ಆ ಮೊದಲ ಸೋಮವಾರವೇ ಅಮ್ಮನ ಜೊತೆ ದೂರದೂರಿನ ದೊಡ್ಡ ಆಸ್ಪತ್ರೆಗೆ ಹೋಗಿದ್ದಳು. ಡಬ್ಬಿ ಉಂಡದ್ದು ಅಪ್ಪ.

ಆ ದರ್ಜಿಯನ್ನು ನಾನೂ ನೋಡಿದೆ. ನಾನು ಬಂದ ದಿನ ಅಕ್ಕನ ಜೊತೆ ಏದುಸಿರು ಬಿಡುತ್ತ ಮೇಲೆ ಹತ್ತಿದಾಗ ಬಾಗಿಲು ತೆಗೆದವರು ಅವರೇ. ಕೊರಳಲ್ಲಿ ಅಳತೆ ಟೇಪು, ಮಿಷನ್ನಿನ ಮೇಲೆ ಅರ್ಧ ಹೊಲಿದ ಶಾಲಾ ಯೂನಿಫಾರಂ. ಕಿಟಕಿಯ ಬಳಿ ಚಿಕ್ಕ ಮೇಜು, ಅದರ ಮೇಲೆ ಮುಚ್ಚಿದ ಗಣಿತದ ಪುಸ್ತಕ, ಪುಸ್ತಕದ ಮೇಲೆ ಒಂದು ಕಣ ಧೂಳಿಲ್ಲ. ಯಾಕೆ ಹಾಗೆ ಮಾಡಿದಿರಿ ಎಂದು ಕೇಳಲು ನನಗೇ ಒಂದು ಥರ ಆಯಿತು. ಅವರೇ ಹೇಳಿದರು.

“ಬೇಡ ಅಂದ್ರೆ ಅವಳು ಮನೇಲಿಲ್ಲ ಅಂತ ನಾನೇ ಬಾಯಿಬಿಟ್ಟು ಹೇಳ್ದಂಗಾಗುತ್ತೆ ಅನ್ನಿಸ್ತು. ಚೆಲ್ಲೋಕೆ ಕೈ ಬರ್ಲಿಲ್ಲ. ಅವಳು ಕೂರೋ ಜಾಗದಲ್ಲಿ ಕೂತು ಉಂಡೆ. ಕ್ಯಾರೆಟ್ ಬಿಡ್ಬೇಕು ಅಂತ ಹೊಳೀಲಿಲ್ಲ.”

ಅಕ್ಕ ಸುಮ್ಮನಿದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಅವರು ಅದೇ ಮಧ್ಯಾಹ್ನ ಹೆಡ್‌ಮೇಡಂಗೆ ಹೇಳಿಬಿಟ್ಟರು. ಕಾರಣ ಇದೆ. ಪಟ್ಟಿಯಲ್ಲಿ ಒಂಬತ್ತೇ ಹೆಸರು, ಅದಕ್ಕಿಂತ ಹೆಚ್ಚು ಮನೆಗೆ ಬಿಸಿ ಆರದಂತೆ ಮುಟ್ಟಿಸಲು ಒಂದು ಸೈಕಲ್ಲಿಗೆ ಆಗದು. ಪಟ್ಟಿಯ ಹೊರಗೆ ಎರಡು ತಿಂಗಳಿನಿಂದ ಏಳು ವರ್ಷದ ಒಬ್ಬ ಹುಡುಗ ಕಾಯುತ್ತಿದ್ದಾನೆ. ಎರಡೂ ಕಾಲಿಗೆ ಆಪರೇಷನ್ ಆಗಿ ಮಲಗಿದಲ್ಲೇ ಇದ್ದಾನೆ. ತಾಯಿ ಎಂಟಕ್ಕೆ ಬಾಟಲಿ ಕಾರ್ಖಾನೆಗೆ ಹೋದರೆ ಬರುವುದು ಆರಕ್ಕೆ. ಮಧ್ಯಾಹ್ನ ಪಕ್ಕದ ಮನೆಯವರು ಕಿಟಕಿಯಿಂದ ಒಂದು ಬನ್ನು ಕೊಡುತ್ತಾರೆ. ನಿಯಮ ಹೀಗಿದೆ: ಮಗು ಮೂವತ್ತು ಶಾಲಾ ದಿನ ಮನೆಯಲ್ಲಿಲ್ಲದಿದ್ದರೆ ಹೆಸರು ಪಟ್ಟಿಯಿಂದ ತೆಗೆದು ಮುಂದಿನ ಮಗುವಿಗೆ. ತೆಗೆದ ಹೆಸರು ಮತ್ತೆ ಸೇರಬೇಕಾದರೆ ಹೊಸ ಅರ್ಜಿ, ಮತ್ತೆ ಸರದಿಯ ಕೊನೆ. ಆ ಮೂವತ್ತು ದಿನ ತುಂಬುವವರೆಗೆ ಆ ಹೆಸರಿನ ಊಟ ಇನ್ನೊಬ್ಬರಿಗೆ ಕೊಡುವ ಹಾಗೂ ಇಲ್ಲ. ಹೆಡ್‌ಮೇಡಂ ಆರನೇ ಡಬ್ಬಿಯ ಊಟ ನಿಲ್ಲಿಸಿದರು, ಹೆಸರು ಮಾತ್ರ ಹೊಡೆಯಲಿಲ್ಲ, ಮೂವತ್ತು ದಿನ ತುಂಬಲಿ ಎಂದರು. ನಾನು ಹೋದ ಸೋಮವಾರಕ್ಕೆ ಇನ್ನು ಐದು ದಿನ ಉಳಿದಿತ್ತು.

ಈ ವಾರ ಬಿಡುತ್ತಾರಂತೆ ಎಂದು ದರ್ಜಿ ಸೋಮವಾರ ಹೇಳಿದರು. ಮಂಗಳವಾರವೂ ಅದನ್ನೇ ಹೇಳಿದರು, ದನಿ ಸ್ವಲ್ಪ ಇಳಿದಿತ್ತು. ಅಕ್ಕ ಎರಡೂ ದಿನ ಖಾಲಿ ಕೈಯಲ್ಲಿ ಐವತ್ತೆಂಟು ಮೆಟ್ಟಿಲು ಹತ್ತಿದರು, ಸುದ್ದಿ ಕೇಳಲಿಕ್ಕೆ. ಊಟ ಕೊಡಲಿಕ್ಕಿಲ್ಲದ ಮನೆಗೆ ಇಷ್ಟು ಮೆಟ್ಟಿಲೇ ಎಂದರೆ, ಮಂಡಿಗೆ ಅಭ್ಯಾಸ ತಪ್ಪಬಾರದು ಎನ್ನುತ್ತಾರೆ. ಇವರಿಗೆ ನೆಪಗಳ ಬರವೇ ಇಲ್ಲ. ಇಳಿಯುವಾಗ ಎರಡನೇ ಮಹಡಿಯಲ್ಲಿ ಗೋಡೆ ಹಿಡಿದು ನಿಂತು ಮಾತ್ರ ನಿಜ ಹೇಳಿದರು.

“ಆ ದನಿ ಕೇಳ್ದೆ ಒಂದು ತಿಂಗ್ಳಾಯ್ತು. ಅವಳು ಶುಕ್ರವಾರದೊಳಗೆ ಬರ್ಲಿ ಅಂತ ಬೇಡ್ಕೋತೀನಿ. ಬೇಡ್ಕೊಂಡ ತಕ್ಷಣ ಆ ಬನ್ನು ತಿನ್ನೋ ಮಗು ಕಣ್ಮುಂದೆ ಬರುತ್ತೆ. ಬೇಡ್ಕೊಳ್ಳೋದಕ್ಕೂ ಧೈರ್ಯ ಬೇಕು ನೋಡಿ.”

ಬುಧವಾರ ನಾನು ಮಾಡಿದ ಕೆಲಸ ಇಲ್ಲಿ ಬರೆಯದಿದ್ದರೆ ಈ ಬರಹಕ್ಕೆ ಅರ್ಥವಿಲ್ಲ. ಅಕ್ಕ ಕೆಳಗೆ ಸೈಕಲ್ಲಿನ ಚೈನು ಸರಿಮಾಡುತ್ತಿದ್ದರು. ಒಂದೆರಡು ಪ್ರಶ್ನೆ ಬಾಕಿ ಇದೆಯೆಂದು ನಾನೊಬ್ಬಳೇ ಮೇಲೆ ಹೋದೆ. ಡಾಕ್ಟರು ಇನ್ನೂ ಏನೂ ಹೇಳುತ್ತಿಲ್ಲ ಎಂದರು ದರ್ಜಿ. ಪತ್ರಿಕೆಯವರ ಬಾಯಿ ಸುಮ್ಮನಿರಬೇಕಲ್ಲ, ಶುಕ್ರವಾರದ ನಂತರ ಈ ಊಟ ಆ ಕಾಲಿನ ಆಪರೇಷನ್ ಆದ ಹುಡುಗನಿಗೆ ಹೋಗುತ್ತದಲ್ಲವೇ, ನಿಮಗೆ ಹೇಗನ್ನಿಸುತ್ತದೆ ಎಂದು ಕೇಳಿಬಿಟ್ಟೆ. ಅವರಿಗೆ ಮೂವತ್ತು ದಿನದ ಲೆಕ್ಕ ಗೊತ್ತಿತ್ತು. ಕಾಯುತ್ತಿರುವ ಒಂದು ಮಗು ಇದೆಯೆಂದು ಗೊತ್ತಿರಲಿಲ್ಲ. ಅಕ್ಕ ಬೇಕೆಂದೇ ಹೇಳಿರಲಿಲ್ಲ. ದರ್ಜಿ ಟೇಪನ್ನು ಕೊರಳಿಂದ ತೆಗೆದು, ಸುತ್ತಿ, ಮೇಜಿನ ಮೇಲಿಟ್ಟರು. ಆ ಹುಡುಗ ಮಧ್ಯಾಹ್ನ ಏನು ತಿನ್ನುತ್ತಾನೆ ಎಂದಷ್ಟೇ ಕೇಳಿದರು. ನಾನು ಅದನ್ನೂ ಹೇಳಿದೆ.

ಕೆಳಗೆ ಬಂದು ಅಕ್ಕನಿಗೆ ಒಪ್ಪಿಸಿದಾಗ ಅವರು ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಉಳಿದ ಮೂರು ಮನೆಗಳಿಗೆ ಡಬ್ಬಿ ಮುಟ್ಟಿಸಿದರು. ಶಾಲೆಯ ಗೇಟಿನಲ್ಲಿ ಇಳಿದು ಒಂದೇ ಮಾತು ಹೇಳಿದರು, ಮೊದಲ ಸಲ ಮೇಡಂ ಬಿಟ್ಟು: “ನಿನಗೆ ಬರೆಯೋಕೆ ಬೇಕಿತ್ತು ಹುಡುಗಿ. ಅವರಿಗೆ ಇನ್ನೆರಡು ದಿನ ಕಾಯೋಕೆ ಬೇಕಿತ್ತು.” ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ, ಬರಬಾರದಿತ್ತು ಕೂಡ.

ಗುರುವಾರ ಬೆಳಗ್ಗೆ ನಾನು ಅಡುಗೆಮನೆಗೆ ಹೋಗುವಷ್ಟರಲ್ಲಿ ದರ್ಜಿ ಬಂದಿದ್ದರು. ತಮ್ಮ ಮನೆಯಲ್ಲಿ ಉಳಿದಿದ್ದ ಆರನೇ ನಂಬರಿನ ಇನ್ನೊಂದು ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು, ಹೊಸ್ತಿಲಾಚೆಯೇ ನಿಂತಿದ್ದರು. ರಾತ್ರಿ ಹೆಂಡತಿಯ ಜೊತೆ ಮಾತಾಡಿದರಂತೆ. ಇನ್ನೂ ನಾಲ್ಕು ತಿಂಗಳು ಎಂದು ಡಾಕ್ಟರು ಹೋದ ವಾರವೇ ಹೇಳಿದ್ದಾರೆ, ಹೆಂಡತಿ ಅದನ್ನು ಇವರಿಗೆ ಹೇಳಿರಲಿಲ್ಲ. ಇವರು ಇಲ್ಲಿ ಡಬ್ಬಿ ತಗೊಳ್ಳುತ್ತಿದ್ದುದನ್ನು ಹೆಂಡತಿಗೆ ಹೇಳಿರಲಿಲ್ಲ. ಇಬ್ಬರೂ ಒಬ್ಬರಿಗೊಬ್ಬರು ಈ ವಾರ, ಈ ವಾರ ಎಂದುಕೊಂಡೇ ದಿನ ದೂಡಿದ್ದರು.

“ಶುಕ್ರವಾರದ ತನಕ ಬೇಡ ಅಕ್ಕ” ಎಂದರು ದರ್ಜಿ. “ಇವತ್ತೇ ಕೊಡಿ ಆ ಮಗುವಿಗೆ. ಎಲ್ಲಿ ಸಹಿ ಹಾಕ್ಬೇಕು ಹೇಳಿ.”

ಅಕ್ಕ ಡಬ್ಬಿ ಇಸಿದುಕೊಂಡರು. ಏನಾದರೂ ಹೇಳುತ್ತಾರೆಂದು ನಾನು ಪೆನ್ನು ಹಿಡಿದು ಕಾದೆ. ಅವರು ಸೊಪ್ಪು ಬಿಡಿಸುವ ಮಣೆಯನ್ನು ದರ್ಜಿಯ ಕಡೆ ತಳ್ಳಿ, ಕೂತ್ಕೊಳ್ಳಿ ಅಣ್ಣ, ಚಹಾ ಕುಡಿದು ಹೋಗಿ, ಹೆಡ್‌ಮೇಡಂ ಬರೋದು ಎಂಟಕ್ಕೆ ಎಂದರು. ಕಣ್ಣು ಒರೆಸಿಕೊಳ್ಳಲು ಹೊಗೆಯ ನೆಪವೂ ಇರಲಿಲ್ಲ, ಅಡುಗೆ ಗ್ಯಾಸಿನದು. ಆಗ ದರ್ಜಿಯ ಫೋನು ಬಡಿಯಿತು. ಆಸ್ಪತ್ರೆಯಿಂದ ಮಗಳು. ಬೆಳಗ್ಗೆ ಆರಕ್ಕೆ ರಕ್ತ ತೆಗೆಯಲು ಎಬ್ಬಿಸುತ್ತಾರಂತೆ, ಆಮೇಲೆ ಅವಳಿಗೆ ನಿದ್ದೆ ಬಾರದು. ಅಪ್ಪ ಎಲ್ಲವನ್ನೂ ಅವಳಿಗೆ ಹೇಳಿದ್ದರು. ಫೋನನ್ನು ಅಕ್ಕನ ಕೈಗೆ ಕೊಟ್ಟರು.

ಮುಸುರೆ ಕೈಯನ್ನು ಏಪ್ರನ್ನಿಗೆ ಒರೆಸಿಕೊಂಡು ಅಕ್ಕ ಫೋನು ಹಿಡಿದರು. ಸ್ಪೀಕರಿನಲ್ಲಿ ಆ ದನಿಯನ್ನು ನಾನೂ ಕೇಳಿದೆ, ಸಣ್ಣ, ಸ್ವಲ್ಪ ಕಟ್ಟಿದ ದನಿ.

“ಡಬ್ಬಿ ಅಕ್ಕಾ, ಅವನಿಗೆ ಒಂದು ವಿಷಯ ಹೇಳ್ಬೇಕು. ಆರನೇ ಡಬ್ಬಿದು ಎಡಗಡೆ ಕ್ಲಿಪ್ಪು ಬಿಗಿ. ಮೊದ್ಲು ಅದನ್ನೇ ತೆಗೀಬೇಕು. ಬಲಗಡೆದು ಮೊದ್ಲು ತೆಗೆದ್ರೆ ಬೇಳೆ ಎಲ್ಲ ಮೈಮೇಲೆ ಬರುತ್ತೆ. ಅವನು ಮಲಗೇ ಇರ್ತಾನಂತಲ್ಲ.”

ಹೇಳ್ತೀನಿ ಕಂದ ಎಂದರು ಅಕ್ಕ. ನಿಂಗೆ ಎಷ್ಟು ಸಲ ಚೆಲ್ಲಿತ್ತು ಎಂದು ಕೇಳಿದರು. ತುಂಬಾ ಸಲ ಎಂದಳು. ಯಾಕೆ ಹೇಳಲಿಲ್ಲ ಎಂದರು. ಡಬ್ಬಿ ಬದಲಾಯಿಸಿಬಿಡುತ್ತೀರಿ ಅಂತ ಎಂದಳು. ನರ್ಸ್ ಕರೆದರು ಅಂತ ಕಾಣುತ್ತದೆ, ಫೋನು ಅಲ್ಲಿಗೆ ನಿಂತಿತು. ಎರಡು ವರ್ಷ ದಿನಾ ಆ ಡಬ್ಬಿ ತೊಳೆದವರು ಅಕ್ಕ. ತುಂಬಿದ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ತೆರೆಯುವುದು ಹೇಗಿರುತ್ತದೆಂದು ಅವರಿಗೆ ತಿಳಿದಿರಲಿಲ್ಲ. ಅರ್ಧ ಗಂಟೆ ಆ ಕ್ಲಿಪ್ಪನ್ನೇ ತೆಗೆಯುತ್ತ, ಹಾಕುತ್ತ ಕೂತಿದ್ದರು. ಆವತ್ತು ಅನ್ನ ಸ್ವಲ್ಪ ಸೀದಿತು. ನಾನೂರ ಹನ್ನೆರಡು ಮಕ್ಕಳೂ ಬೈದುಕೊಂಡೇ ಉಂಡಿರಬೇಕು.

ಹೆಡ್‌ಮೇಡಂ ಒಂದು ಪುಟದ ಕಾಗದಕ್ಕೆ ಸಹಿ ಹಾಕಿಸಿಕೊಂಡು ಅಂದೇ ಹೆಸರು ಬದಲಿಸಿದರು. ಮಧ್ಯಾಹ್ನ ಹನ್ನೆರಡೂವರೆಗೆ ನಾವು ಆ ಹುಡುಗನ ಕೋಣೆಯಲ್ಲಿದ್ದೇವೆ. ಮಂಚ, ಕಿಟಕಿ, ಗೋಡೆಗೆ ಅಂಟಿಸಿದ ಮಗ್ಗಿ, ಇಷ್ಟೇ ಇರುವ ಕೋಣೆ. ಪಕ್ಕದ ಮನೆಯಾಕೆ ಬಾಗಿಲು ತೆಗೆದು ನಿಂತಿದ್ದಾರೆ. ಅಕ್ಕ ಹುಡುಗನ ಎದೆಯ ಮೇಲೆ ಟವೆಲು ಹಾಸಿ, ಡಬ್ಬಿ ಇಟ್ಟು, ಅವನ ಬೆರಳು ಹಿಡಿದು ಎಡಗಡೆಯ ಕ್ಲಿಪ್ಪಿನ ಮೇಲಿಡುತ್ತಾರೆ. ಮೊದಲು ಇದು, ಒಬ್ಬ ಅಕ್ಕ ಹೇಳಿಕಳಿಸಿದ್ದಾಳೆ ಎನ್ನುತ್ತಾರೆ. ಯಾವ ಅಕ್ಕ ಎಂದು ಅವನು ಕೇಳುತ್ತಾನೆ. ಉಣ್ಣು, ಆಮೇಲೆ ಹೇಳ್ತೀನಿ ಎಂದು ಅಕ್ಕ ಹೊರಡುತ್ತಾರೆ, ಇನ್ನೂ ಮೂರು ಮನೆ ಬಾಕಿ ಇದೆ. ಬಾಗಿಲಲ್ಲಿ ಪಕ್ಕದ ಮನೆಯಾಕೆಗೆ ಡಬ್ಬಿ ತೊಳೆಯಬಾರದೆಂದು ತಾಕೀತು ಮಾಡುವುದನ್ನು ಮರೆಯುವುದಿಲ್ಲ. ಆಕೆ ಇವರನ್ನು ಮೇಲಿಂದ ಕೆಳಗೆ ನೋಡುತ್ತಾರೆ.

ಕೊನೆಯ ಮನೆಯೂ ಮುಗಿದ ಮೇಲೆ ನಾವು ಒಂದು ಮರದ ಕೆಳಗೆ ಸೈಕಲ್ ನಿಲ್ಲಿಸಿ ಕೂರುತ್ತೇವೆ. ನನ್ನ ಪುಸ್ತಕದಲ್ಲಿ ಕೊನೆಗೆ ಕೇಳಬೇಕಾದ ಪ್ರಶ್ನೆಯೊಂದು ಉಳಿದಿದೆ, ನಿಮ್ಮ ಆಸೆ ಏನು ಎಂದು. ಇಂಥ ಬರಹಗಳಲ್ಲಿ ಎಲ್ಲರೂ ಕೇಳುವುದೇ. ಬುಧವಾರದ ನಂತರ ಪ್ರಶ್ನೆ ಕೇಳಲು ನನಗೆ ನಾಲಿಗೆ ಏಳುತ್ತಿಲ್ಲ. ಅಕ್ಕನೇ ಇಣುಕಿ ಓದಿಕೊಂಡರು. ಸಂಬಳದ ಬಗ್ಗೆ ಹೇಳಬಹುದು ಎಂದುಕೊಂಡೆ, ಅಥವಾ ಮಂಡಿಯ ಬಗ್ಗೆ, ಅಥವಾ ಇನ್ನೊಂದು ಸೈಕಲ್ಲಿನ ಬಗ್ಗೆ. ಅವರು ಚಕ್ರದ ಕಡ್ಡಿಗೆ ಸಿಕ್ಕಿದ್ದ ಒಂದು ಎಲೆಯನ್ನು ಬಿಡಿಸಿ ಎಸೆದರು.

“ದಾರೀಲಿ ಸಿಕ್ಕೋರನ್ನೆಲ್ಲ ಊಟ ಆಯ್ತಾ ಅಂತ ಕೇಳ್ತೀವಿ. ಬಸ್ಸಲ್ಲಿ ಪಕ್ಕ ಕೂತೋರನ್ನೂ ಕೇಳ್ತೀವಿ. ನಾನು ಆ ಮನೆಗೆ ಹೋಗೋದು ಯಾವಾಗ್ಲೂ ಊಟಕ್ಕೆ ಮುಂಚೆ. ಎರಡು ವರ್ಷದಲ್ಲಿ ಆ ಮಗೂನ ಒಂದು ಸಲಾನೂ ಹಾಗೆ ಕೇಳಿಲ್ಲ ನೋಡು. ಅವಳು ಬರ್ಲಿ. ಡಬ್ಬಿ ಗಿಬ್ಬಿ ಏನೂ ಬೇಡ, ಒಂದು ಸಂಜೆ ಬರೀ ಕೈಯಲ್ಲಿ ಹತ್ತಿ ಹೋಗಿ, ಬಾಗಿಲಾಚೆ ನಿಂತು, ಊಟ ಆಯ್ತಾ ಕಂದ ಅಂತ ಕೇಳ್ತೀನಿ. ಆಯ್ತು ಅನ್ಬೇಕು ಅವಳು.”